ಸ್ಟಿಕ್ಕರ್ ನೋಡಿ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬೇಡಿ, ವ್ಯಾಟ್ ಕೇಳಿ

ಕಳೆದ ತಿಂಗಳು ಒಂದು ಲ್ಯಾಪ್‌ಟಾಪ್ ಬಿಚ್ಚಿದಾಗ ಶಾಖ ಹೊರಹಾಕುವ ಹೀಟ್‌ಸಿಂಕ್‌ನ ಬಾಯಿಯಿಂದ ಬೆರಳುದ್ದದ ಹತ್ತಿಪಟ್ಟಿ ಕಳಚಿಕೊಂಡು ಬಂತು. ಹಾಸಿಗೆಯ ಹತ್ತಿ, ಹೊದಿಕೆಯ ನೂಲು, ದಾವಣಗೆರೆಯ ಬೇಸಿಗೆ ಧೂಳು ಮೂರೂ ಸೇರಿ ಗಾಳಿ ಹೊರಹೋಗುವ ದಾರಿಯನ್ನೇ ಮುಚ್ಚಿದ್ದವು. ಯಂತ್ರ ಮೂರನೇ ಸೆಮಿಸ್ಟರಿನ ಮೆಕ್ಯಾನಿಕಲ್ ಹುಡುಗನದು. 'ಅಣ್ಣ, ಮೊದಲು ಚೆನ್ನಾಗೇ ಓಡ್ತಿತ್ತು. ಈಗ ಹತ್ತು ನಿಮಿಷ ಆಡಿದ್ರೆ ಸಾಕು, ನಿಂತು ನಿಂತು ಹೋಗುತ್ತೆ' ಅಂದ. ಪರೀಕ್ಷಿಸಿದೆ. ಪ್ರೊಸೆಸರ್ 97 ಡಿಗ್ರಿ ಮುಟ್ಟುತ್ತಿತ್ತು. ಸುಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಧೂಳು ತೆಗೆದು, ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಎಂಬತ್ತೈದರ ಆಸುಪಾಸಿಗೆ ಬಂತು.

ಆದರೆ ತಪ್ಪು ಬರೀ ಧೂಳಿನದ್ದಲ್ಲ. ಆ ಲ್ಯಾಪ್‌ಟಾಪಿನ ಮೈ ತೆಳು, ಒಳಗೆ ಒಂದೇ ಫ್ಯಾನ್. ಅಂಗಡಿಯಲ್ಲಿ ಅದನ್ನು ಆರಿಸಿದ ದಿನವೇ ಈ ತೊಂದರೆ ಶುರುವಾಗಿತ್ತು.

ಹದಿನಾರು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬು. ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ರಿಪೇರಿಗೆ ಬರುವವರಿಗಿಂತ 'ಯಾವುದು ತಗೊಳ್ಳೋಣ' ಎಂದು ಕೇಳಲು ಬರುವವರೇ ಹೆಚ್ಚು. ಹೋದ ವರ್ಷ ಜಗಳೂರು ಕಡೆಯಿಂದ ಬಂದ ರೈತರೊಬ್ಬರು ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ 70 ಸಾವಿರ ತೆಗೆದಿಟ್ಟಿದ್ದರು. ಮಗ ಮೊಬೈಲಿನಲ್ಲಿ ಎರಡು ಮಾದರಿ ತೋರಿಸಿದ. ಎರಡರಲ್ಲೂ ಆರ್‌ಟಿಎಕ್ಸ್ 4050 ಎಂಬ ಗ್ರಾಫಿಕ್ಸ್ ಚಿಪ್ಪು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ತೆಳ್ಳಗೆ, ನೋಡಲು ಚೆಂದ. ಇನ್ನೊಂದು ದಪ್ಪ, ಕರೀ ಇಟ್ಟಿಗೆಯ ಹಾಗೆ. ಮಗನ ಮನಸ್ಸು ತೆಳುವಿನ ಮೇಲೆ.

'ಯಜಮಾನ್ರೇ, ನಿಮ್ಮ ಬೋರಿಗೆ ಐದು ಎಚ್‌ಪಿ ಮೋಟರ್ ಇದೆ ಅಂದ್ಕೊಳ್ಳಿ. ವೋಲ್ಟೇಜ್ ಬರದೇ ಹೋದ್ರೆ ನೀರು ಎತ್ತುತ್ತಾ?' ಎಂದೆ. ಅವರು ನಕ್ಕರು. ಮಗನಿಗೂ ತಕ್ಷಣ ಅರ್ಥವಾಯಿತು.

ಗ್ರಾಫಿಕ್ಸ್ ಚಿಪ್ಪಿನ ಹೆಸರು ಮೋಟರಿನ ಎಚ್‌ಪಿ ಇದ್ದ ಹಾಗೆ. ಅದಕ್ಕೆ ಎಷ್ಟು ಕರೆಂಟು ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಿಸಿದ ಕಂಪನಿ. 4050ಕ್ಕೆ ಅದರ ತಯಾರಕ ಎನ್‌ವಿಡಿಯಾ ಇಟ್ಟಿರುವ ಮಿತಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ. ಅದರ ಹಿಂದಿನ ಪೀಳಿಗೆಯ 3050ಕ್ಕೆ 35ರಿಂದ 80. ಒಂದೇ ಹೆಸರಿನ ಕೆಳಗೆ ಇಷ್ಟು ಅಂತರ! ಮೊದಲು ಕಡಿಮೆ ಕರೆಂಟಿನ ಚಿಪ್ಪಿನ ಹೆಸರಿಗೆ ಮ್ಯಾಕ್ಸ್-ಕ್ಯೂ ಎಂಬ ಬಾಲ ಇರುತ್ತಿತ್ತು. 2021ರಲ್ಲಿ 3000ದ ಸರಣಿ ಬಂದಾಗ ಆ ಬಾಲವನ್ನೂ ತೆಗೆದುಬಿಟ್ಟರು. ಈಗ ಪೆಟ್ಟಿಗೆ ನೋಡಿ ತಿಳಿಯುವುದು ಕಷ್ಟ. ಕಂಪನಿಯ ವೆಬ್‌ಸೈಟಿಗೆ ಹೋಗಿ ಆ ಮಾದರಿಯ ಪುಟದಲ್ಲಿ ಟಿಜಿಪಿ ಅಥವಾ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲು ಹುಡುಕಬೇಕು. ಅಂಗಡಿಯಲ್ಲಿ ಡೆಮೊ ಯಂತ್ರವಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ ಅಲ್ಲೂ ಸಿಗುತ್ತದೆ. 4050ರಲ್ಲಿ 80ಕ್ಕಿಂತ ಕಡಿಮೆ ಕಂಡರೆ ನಾನು ಬೇಡ ಎನ್ನುತ್ತೇನೆ. ನೂರರ ಹತ್ತಿರ ಬಂದ ಮೇಲೆ ಇನ್ನೂ ಹದಿನೈದು ವ್ಯಾಟಿಗಾಗಿ ಹೆಚ್ಚು ದುಡ್ಡು ಕೊಡುವುದೂ ಬೇಡ, ಅಲ್ಲಿಂದಾಚೆ ಸಿಗುವ ಲಾಭ ಅಷ್ಟಕ್ಕಷ್ಟೇ.

ವ್ಯಾಟಿನ ಲೆಕ್ಕ ಸಿಗಲೇ ಇಲ್ಲವೇ? ಚಾರ್ಜರ್ ಕೈಗೆತ್ತಿಕೊಂಡು ಅದರ ಬೆನ್ನಿನ ಬರಹ ಓದಿ. ಒಳಗಿನ ಚಿಪ್ಪು ಉಣ್ಣುವುದೆಲ್ಲ ಆ ವೈರಿನಿಂದಲೇ ಬರಬೇಕು. 180, 200 ವ್ಯಾಟಿನ ಇಟ್ಟಿಗೆಯಂಥ ಚಾರ್ಜರ್ ಕೊಟ್ಟಿದ್ದರೆ ಯಂತ್ರಕ್ಕೆ ಹೊಟ್ಟೆ ತುಂಬ ಊಟವಿದೆ ಎಂದರ್ಥ. ಅಂಗೈಯಷ್ಟು ಚಿಕ್ಕ ಚಾರ್ಜರ್ ಕೊಟ್ಟು ಗೇಮಿಂಗ್ ಎಂದರೆ ನಂಬಬೇಡಿ.

ಇನ್ನು ಶಾಖ. ಇದರ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಮಕ್ಕಳು ಯೂಟ್ಯೂಬಿನಲ್ಲಿ ನೋಡುವ ಪರೀಕ್ಷೆಗಳು ಹೆಚ್ಚಾಗಿ ಎಸಿ ಕೋಣೆಯಲ್ಲಿ ನಡೆದವು. ಫ್ಯಾನ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ, ಹಾಗಾಗಿ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 85 ತೋರಿಸಿದ ಯಂತ್ರ, ಏಪ್ರಿಲ್ ತಿಂಗಳ ನಮ್ಮ ಹಾಸ್ಟೆಲಿನ 37 ಡಿಗ್ರಿಯಲ್ಲಿ 97ಕ್ಕೆ ನಿಲ್ಲುತ್ತದೆ. ಇಂಟೆಲ್ ಪ್ರೊಸೆಸರುಗಳ ಶಾಖದ ಮಿತಿ ಸಾಮಾನ್ಯವಾಗಿ 100, ಎಎಂಡಿಯ ಬಹಳಷ್ಟು ಲ್ಯಾಪ್‌ಟಾಪ್ ಪ್ರೊಸೆಸರುಗಳದು 95. ಮಿತಿ ಮುಟ್ಟಿತೋ, ವೇಗ ಇಳಿಯಿತು. ಅದೇ ಯಂತ್ರ ಮಡಿಕೇರಿಯ ಹುಡುಗನ ಕೈಯಲ್ಲಿ ಹಾಯಾಗಿ ಓಡಿದರೆ ರಾಯಚೂರಿನ ಹುಡುಗನ ಕೈಯಲ್ಲಿ ಏದುಸಿರು ಬಿಡುತ್ತದೆ. ಬಿಸಿಲು ನಾಡಿನವರು ದಪ್ಪ ಮೈಯ ಯಂತ್ರಕ್ಕೆ ನಾಚಿಕೊಳ್ಳಬಾರದು. ಅಂಗಡಿಯಲ್ಲಿ ಅದನ್ನು ಮಗುಚಿ ಹಾಕಿ ನೋಡಿ. ತಳದಲ್ಲಿ ಅಗಲವಾದ ಜಾಲರಿ, ಹಿಂದೆ ಗಾಳಿ ಹೋಗಲು ಎರಡು ಬಾಯಿ, ಒಳಗೆ ಎರಡು ಫ್ಯಾನ್ ಇರಬೇಕು.

ರ‍್ಯಾಮ್ ವಿಷಯದಲ್ಲಿ ನನ್ನ ಸಲಹೆಯನ್ನೇ ಬದಲಿಸಬೇಕಾಗಿದೆ. 'ಎಂಟು ಜಿಬಿಯದೇ ತಗೊಳ್ಳಿ, ಆಮೇಲೆ ಇನ್ನೊಂದು ಸ್ಟಿಕ್ ಹಾಕಿಸಿ, ಅಗ್ಗ ಬೀಳುತ್ತೆ' ಎಂದು ವರ್ಷಗಟ್ಟಲೆ ಹೇಳುತ್ತಿದ್ದೆ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ಆದ್ದರಿಂದ ಈಗ ಎಂಟರ ಮಾದರಿಗೂ ಹದಿನಾರರ ಮಾದರಿಗೂ ಇರುವ ವ್ಯತ್ಯಾಸವನ್ನು ಬಿಡಿ ಸ್ಟಿಕ್ಕಿನ ಬೆಲೆಯ ಪಕ್ಕ ಇಟ್ಟು ನೋಡಿ, ಯಾವುದು ಕಡಿಮೆಯೋ ಅದು. ಬದಲಾಗದ ಮಾತು ಒಂದಿದೆ: ಒಂದೇ ಸ್ಟಿಕ್ ಎಂದರೆ ಒಂದೇ ಲೇನಿನ ರಸ್ತೆ, ಎರಡು ಸ್ಟಿಕ್ ಎಂದರೆ ಜೋಡಿ ರಸ್ತೆ. ಡಿಡಿಆರ್4-3200 ಎಂಬ ಬಗೆಯ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಸೇರಿ ಅದರ ಇಮ್ಮಡಿ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2ರಂತಹ ಆಟಗಳು ಪ್ರೊಸೆಸರನ್ನು ಹೆಚ್ಚು ದುಡಿಸುವುದರಿಂದ ಇದು ಕಣ್ಣಿಗೇ ಕಾಣುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ಭರ್ತಿಯಾಗಿದೆ ಎಂದು ತೋರಿಸುತ್ತದೆ. ಬೋರ್ಡಿಗೇ ಬೆಸುಗೆ ಹಾಕಿದ ಎಂಟು ಜಿಬಿ, ಖಾಲಿ ಸ್ಲಾಟ್ ಇಲ್ಲ ಎಂದರೆ ಬಿಟ್ಟುಬಿಡಿ. ನಾಲ್ಕು ವರ್ಷ ಬಾಳುವುದಿಲ್ಲ.

ಗ್ರಾಫಿಕ್ಸಿನ ಸ್ವಂತ ಮೆಮೊರಿಯೂ ಹಾಗೆಯೇ, ಮುಂದೆ ಹೆಚ್ಚಿಸಲಾಗದು. ಆರ್‌ಟಿಎಕ್ಸ್ 2050ರಲ್ಲಿ 4 ಜಿಬಿ ಮಾತ್ರ. 3050ರಲ್ಲಿ 4 ಮತ್ತು 6 ಎರಡೂ ಇವೆ, ಅಂಗಡಿಯವರು ಹೇಳುವುದಿಲ್ಲ, ನೀವೇ ಕೇಳಬೇಕು. 4050ರಲ್ಲಿ 6, 4060ರಲ್ಲಿ 8. ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವವರಿಗೆ ಈ ಅಂಕಿಯೇ ಎಲ್ಲಕ್ಕಿಂತ ದೊಡ್ಡದು. ಮಾಡೆಲ್ ಅದರೊಳಗೆ ಹಿಡಿಯದಿದ್ದರೆ ಚಿಪ್ಪಿನ ವೇಗ ಕಟ್ಟಿಕೊಂಡು ಏನೂ ಮಾಡಲಾಗದು.

ಪ್ರೊಸೆಸರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಎಚ್ ಅಥವಾ ಎಚ್‌ಎಸ್ ಅಕ್ಷರವಿದ್ದರೆ ಈ ಬೆಲೆಗೆ ಸಾಕು. ರೈಜನ್ 7535ಎಚ್‌ಎಸ್‌ನಂತಹ ಹೆಸರಿನಲ್ಲಿ ಮೊದಲ 7 ಮಾರುಕಟ್ಟೆಗೆ ಬಂದ ವರ್ಷದ ಗುರುತು ಅಷ್ಟೇ. ಒಳಗಿನ ವಿನ್ಯಾಸದ ವಯಸ್ಸು ಹೇಳುವುದು ಮೂರನೇ ಅಂಕಿ. ಪರದೆಯ ಬಣ್ಣದ ವ್ಯಾಪ್ತಿ 45% ಎನ್‌ಟಿಎಸ್‌ಸಿ, ಬೆಳಕು 250 ನಿಟ್ಸ್ ಎಂದಿದ್ದರೆ ಬಣ್ಣ ಪೇಲವ, ಬೆಳಕೂ ಮಂದ ಎಂದೇ ಲೆಕ್ಕ.

ಒಂದು ಮಾತು ತಂದೆ ತಾಯಂದಿರಿಗೆ. ಬಿಕಾಂ, ಬಿಬಿಎಗೆ ಈ ಯಂತ್ರ ಬೇಕಾಗಿಲ್ಲ. ಎಂಜಿನಿಯರಿಂಗ್ ಮೊದಲ ವರ್ಷದ ಪ್ರೋಗ್ರಾಮಿಂಗಿಗೆ ಕಾಲೇಜಿನ ಲ್ಯಾಬೇ ಸಾಲುತ್ತದೆ. ಸಾಲಿಡ್‌ವರ್ಕ್ಸ್‌ನಂತಹ ತಂತ್ರಾಂಶ ಬೇಕಾಗುವ ಮೆಕ್ಯಾನಿಕಲ್‌ನವರಿಗೆ, ಎಐ ಓದುವವರಿಗೆ ಗ್ರಾಫಿಕ್ಸ್ ಕಾರ್ಡು ನಿಜವಾಗಿ ಕೆಲಸಕ್ಕೆ ಬರುತ್ತದೆ. ಉಳಿದವರು ಸಾಲ ಮಾಡಿ ತರಬೇಡಿ. ಒಂದು ವರ್ಷ ಕಾದು ನೋಡಿ, ಮಗುವಿಗೆ ನಿಜಕ್ಕೂ ಏನು ಬೇಕೆಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ.

ತಂದ ಮೇಲೆ ಬ್ಯಾಟರಿಯನ್ನು 80% ಚಾರ್ಜಿಗೆ ನಿಲ್ಲಿಸುವ ಸೆಟ್ಟಿಂಗ್ ಹಾಕಿಕೊಳ್ಳಿ, ಹೆಚ್ಚಿನ ಕಂಪನಿಗಳ ತಂತ್ರಾಂಶದಲ್ಲಿ ಇದೆ. ಹಗಲೂ ರಾತ್ರಿ ಪ್ಲಗ್ಗಿನಲ್ಲೇ ಬಿಟ್ಟು, ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದ ಯಂತ್ರಗಳು ಪ್ರತಿ ಬೇಸಿಗೆ ನನ್ನ ಮೇಜಿಗೆ ಬರುತ್ತವೆ. ಉಬ್ಬಿದ್ದು ಕಂಡರೆ ಅವತ್ತೇ ಆಫ್ ಮಾಡಿ ತನ್ನಿ, ಚುಚ್ಚುವುದು ಒತ್ತುವುದು ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಪರದೆಯನ್ನು ಮೂಲೆ ಹಿಡಿದು ತೆಗೆಯಬೇಡಿ, ನಡುವೆ ಹಿಡಿದು ಎತ್ತಿ. ಮುರಿದ ಹಿಂಜಿನ, ಅಂದರೆ ಪರದೆಯ ಕೀಲಿನ, ಖರ್ಚು ಕೇಳಿ ಅಳುಮೋರೆ ಹಾಕಿದ ಮಕ್ಕಳನ್ನು ಬಹಳ ನೋಡಿದ್ದೇನೆ.

ಜಗಳೂರಿನ ಹುಡುಗ ಕೊನೆಗೆ ದಪ್ಪದ್ದನ್ನೇ ತೆಗೆದುಕೊಂಡ. 2.3 ಕೆಜಿ, ಚಾರ್ಜರಿನದು ಬೇರೆ. ಬ್ಯಾಗು ಭಾರ ಎಂದು ಮೊದಲ ವಾರ ಫೋನಿನಲ್ಲಿ ಗೊಣಗಿದ್ದ. ಏಪ್ರಿಲಿನಲ್ಲಿ ಒಂದು ಫೋಟೊ ಕಳಿಸಿದ. ಮೇಜಿನ ಮೇಲೆ ಲ್ಯಾಪ್‌ಟಾಪ್, ಗಾಳಿಯಾಡಲೆಂದು ಹಿಂದಿನ ಎರಡು ಕಾಲಿನ ಕೆಳಗೆ ನೀರಿನ ಬಾಟಲಿಯ ಮುಚ್ಚಳಗಳು, ಪರದೆಯ ಮೂಲೆಯಲ್ಲಿ ಉಷ್ಣಾಂಶ 84.