ಕ್ಲಾಸ್ಕ್ ಆಡುವಾಗ ಆ ಬಿಳಿ ಬಿಸ್ಕೆಟ್ ನಂಗೇ ಯಾಕೆ ಬಂದು ಅಂಟುದು?

ಕ್ಲಾಸ್ಕ್ ಅಂದ್ರೆ ಮ್ಯಾಗ್ನೆಟ್ಟಲ್ಲಿ ಆಡುವ ಒಂದು ಮೇಜಿನ ಆಟ, ಬಿಸ್ಕೆಟ್ ಅಂದ್ರೆ ಅದರ ಪುಟ್ಟ ಬಿಳಿ ಮ್ಯಾಗ್ನೆಟ್. ಈ ಮಳೆಗಾಲದಲ್ಲಿ ಈ ಒಂದು ಪ್ರಶ್ನೆ ಎಷ್ಟು ಜನ ಕೇಳಿದ್ರೋ ಲೆಕ್ಕ ಇಲ್ಲ. ಮೊನ್ನೆ ಕಾಪುವಿಂದ ಒಬ್ರು ಅಕ್ಕ ಬರೆದದ್ದನ್ನ ಹಾಗೇ ಹಾಕ್ತೇನೆ: "ನನ್ನ ತಮ್ಮ ದುಬೈಯಿಂದ ಬರುವಾಗ ಮಕ್ಕಳಿಗೆ ಕ್ಲಾಸ್ಕ್ ತಂದು ಕೊಟ್ಟಿದ್ದಾನೆ. ಮಗಳು ಲಾಯ್ಕ ಆಡ್ತಾಳೆ, ಗೋಲೂ ಹೊಡಿತಾಳೆ, ಆದ್ರೆ ಪ್ರತಿ ಸಲ ಆ ಬಿಳಿ ಮ್ಯಾಗ್ನೆಟ್ ಅವಳ ಸ್ಟ್ರೈಕರಿಗೇ ಹೋಗಿ ಅಂಟಿ ಪಾಯಿಂಟ್ ಹೋಗ್ತದೆ. ಅವಳಣ್ಣನದ್ದಕ್ಕೆ ಅಂಟುದೇ ಅಪರೂಪ. ಅವಳ ಸೈಡಿನ ಮ್ಯಾಗ್ನೆಟ್ ಜಾಸ್ತಿ ಸ್ಟ್ರಾಂಗ್ ಉಂಟಾ? ಬೇರೆ ತರಿಸ್ಬೇಕಾ?"

ಬೇರೆ ತರಿಸುದು ಬೇಡ ಅಕ್ಕ. ಮೊದಲು ಒಂದು ಕೆಲಸ ಮಾಡಿ, ಅಣ್ಣ ತಂಗಿ ಇಬ್ರನ್ನೂ ಸೈಡ್ ಬದಲಾಯಿಸಿ ಕೂರಿಸಿ ಒಂದು ಹತ್ತು ಗೇಮ್ ಆಡಿಸಿ. ಆಗಲೂ ಮಗಳಿಗೇ ಅಂಟಿದ್ರೆ ಮ್ಯಾಗ್ನೆಟ್ಟಿನದ್ದು ಎಂತದೂ ತಪ್ಪಿಲ್ಲ ಅಂತ ಅರ್ಥ. ನನ್ನ ಅಂದಾಜು ಹಾಗೇ ಆಗುದು, ಯಾಕಂದ್ರೆ ಅವಳು ಗೋಲು ಹೊಡಿತಾಳೆ ಅಂತ ನೀವೇ ಬರೆದಿದ್ದೀರಿ, ಗೋಲು ಹೊಡಿಲಿಕ್ಕೆ ಮುಂದೆ ಬರ್ಬೇಕು, ಮುಂದೆ ಬಂದ್ರೆ ಬಿಸ್ಕೆಟ್ ಇರುದೇ ಅಲ್ಲಿ.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿ ಬಿಡ್ತೇನೆ. ಡೆನ್ಮಾರ್ಕಿನ ಮಿಕೆಲ್ ಬರ್ಟೆಲ್ಸೆನ್ ಅಂತ ಒಬ್ರು 2014ರಲ್ಲಿ ಮಾಡಿದ ಆಟ ಇದು, ಕ್ಲಾಸ್ಕ್ ಅಂದ್ರೆ ಅವರ ಡೇನಿಶ್ ಭಾಷೆಯಲ್ಲಿ ಫಟ್ ಅಂತ ಏಟು ಬಿದ್ದ ಹಾಗೆ. ಮೇಜಿನ ಮೇಲೆ ಇಡುವ ಒಂದು ಬೋರ್ಡ್, ಎರಡೂ ತುದಿಯಲ್ಲಿ ಉರುಟು ಗುಂಡಿಯ ಹಾಗೆ ಗೋಲು. ಪ್ರತಿಯೊಬ್ಬರಿಗೂ ಒಂದು ಕಪ್ಪು ಸ್ಟ್ರೈಕರ್, ಅದನ್ನ ಕೈಯಲ್ಲಿ ಮುಟ್ಟುದಿಲ್ಲ, ಬೋರ್ಡಿನ ಅಡಿಯಲ್ಲಿ ಕೈ ಹಾಕಿ ಮ್ಯಾಗ್ನೆಟ್ ಇರುವ ಹ್ಯಾಂಡಲ್ ಹಿಡ್ಕೊಂಡು ಓಡಿಸುದು. ಒಂದು ಸಣ್ಣ ಚೆಂಡು. ಮಧ್ಯದ ಗೆರೆಯಲ್ಲಿ ಮೂರು ಪುಟ್ಟ ಬಿಳಿ ಮ್ಯಾಗ್ನೆಟ್, ಅದಕ್ಕೇ ಬಿಸ್ಕೆಟ್ ಅನ್ನುದು. ಮೊದಲು 6 ಪಾಯಿಂಟ್ ಮಾಡಿದವರು ಗೆದ್ರು. ಚೆಂಡು ಎದುರಿನವರ ಗುಂಡಿಗೆ ಬಿದ್ರೆ ನಿಮಗೆ ಪಾಯಿಂಟ್, ಅವರ ಸ್ಟ್ರೈಕರ್ ಅವರದ್ದೇ ಗುಂಡಿಗೆ ಬಿದ್ರೂ ಪಾಯಿಂಟ್, ಅವರು ಹ್ಯಾಂಡಲ್ ಜೋರು ಎಳೆದು ಸ್ಟ್ರೈಕರ್ ಕೈ ತಪ್ಪಿ ಹೋದ್ರೂ ಪಾಯಿಂಟ್, ಎರಡು ಬಿಸ್ಕೆಟ್ ಅವರ ಸ್ಟ್ರೈಕರಿಗೆ ಅಂಟಿದ್ರೂ ಪಾಯಿಂಟ್. ಒಂದು ಅಂಟಿದ್ರೆ ಆಟ ನಿಲ್ಲುದಿಲ್ಲ, ಅದನ್ನ ಕೈಯಲ್ಲಿ ಕೀಳುವ ಹಾಗೂ ಇಲ್ಲ, ಹೊತ್ಕೊಂಡೇ ಆಡ್ಬೇಕು.

ಈಗ ವಿಷಯಕ್ಕೆ ಬರುವ. ಬಿಸ್ಕೆಟ್ ತನ್ನ ಜಾಗದಲ್ಲಿ ಸುಮ್ಮನೆ ಕೂತಿರ್ತದಲ್ವಾ, ಅದನ್ನ ಹಿಡಿದು ಇಟ್ಟಿರುದು ಎಂತದು? ಬೋರ್ಡಿನ ಜೊತೆ ಇರುವ ಘರ್ಷಣೆ, ಅಷ್ಟೇ, ಬೇರೆ ಎಂತದೂ ಇಲ್ಲ. ನಿಮ್ಮ ಸ್ಟ್ರೈಕರ್ ದೂರದಿಂದಲೇ ಅದನ್ನ ಎಳಿತಾ ಇರ್ತದೆ, ಆದ್ರೆ ಎಳೆತ ಘರ್ಷಣೆಗಿಂತ ಕಮ್ಮಿ ಇರುವವರೆಗೆ ಬಿಸ್ಕೆಟ್ ಅಲ್ಲಾಡುದಿಲ್ಲ. ಎಳೆತ ಒಂಚೂರು ಜಾಸ್ತಿ ಆಯ್ತು ಅಂತಾದ್ರೆ ಅದು ಜಾರ್ಲಿಕ್ಕೆ ಶುರು, ಜಾರಿದ ಹಾಗೆ ಹತ್ತಿರ ಬಂತು, ಹತ್ತಿರ ಬಂದ ಹಾಗೆ ಎಳೆತ ಇನ್ನೂ ಜಾಸ್ತಿ ಆಯ್ತು, ಮೇಲಿಂದ ಜಾರುವ ವಸ್ತುವಿಗೆ ಕೂತ ವಸ್ತುವಿಗಿಂತ ಘರ್ಷಣೆಯೂ ಸಾಮಾನ್ಯವಾಗಿ ಕಮ್ಮಿ, ಹಾಗಾಗಿ ಸ್ಟ್ರೈಕರ್ ಅಲ್ಲೇ ಇದ್ರೆ ಒಮ್ಮೆ ಹೊರಟದ್ದು ಅರ್ಧದಲ್ಲಿ ನಿಲ್ಲುದೇ ಇಲ್ಲ. ಟಕ್ ಅಂತ ಬಂದು ಕೂರ್ತದೆ. ಅದಕ್ಕೇ ಎಲ್ರಿಗೂ ಅದು ಹಾರಿ ಬಂದ ಹಾಗೆ, ನಮ್ಮನ್ನೇ ಹುಡುಕಿಕೊಂಡು ಬಂದ ಹಾಗೆ ಕಾಣುದು.

ಇದರಲ್ಲಿ ಮುಖ್ಯವಾದದ್ದು ದೂರದ ಲೆಕ್ಕ, ಇದನ್ನ ಮಕ್ಕಳಿಗೆ ಹೇಳಿ ಕೊಡ್ಲೇಬೇಕು ಅಂತ ನನಗೆ ಭಾರೀ ಆಸೆ. ಬಲ್ಬಿನ ಹತ್ತಿರದಿಂದ ಎರಡು ಪಟ್ಟು ದೂರ ಹೋದ್ರೆ ಬೆಳಕು ನಾಲ್ಕರಲ್ಲಿ ಒಂದು ಪಾಲು ಆಗ್ತದೆ, ಅದು ಶಾಲೆಯಲ್ಲಿ ಕಲ್ತದ್ದು. ಎರಡು ಚಿಕ್ಕ ಮ್ಯಾಗ್ನೆಟ್ ಹಾಗಲ್ಲ. ಅವುಗಳ ಗಾತ್ರಕ್ಕಿಂತ ಮಧ್ಯದ ಅಂತರ ಚೆನ್ನಾಗಿ ಜಾಸ್ತಿ ಇದ್ದಾಗ, ಅಂತರ ಎರಡು ಪಟ್ಟು ಮಾಡಿದ್ರೆ ಎಳೆತ ಹೆಚ್ಚು ಕಮ್ಮಿ 16ರಲ್ಲಿ ಒಂದು ಪಾಲಿಗೆ ಇಳಿತದೆ. ಮೂರು ಪಟ್ಟು ಮಾಡಿದ್ರೆ 81ರಲ್ಲಿ ಒಂದು ಪಾಲು. ಪ್ರತಿ ಮ್ಯಾಗ್ನೆಟ್ಟಿಗೂ ಎರಡು ತುದಿ ಉಂಟಲ್ಲ, ಒಂದು ತುದಿ ಎಳಿತದೆ ಇನ್ನೊಂದು ತಳ್ಳುತ್ತದೆ, ದೂರ ಹೋದ ಹಾಗೆ ಇವೆರಡೂ ಒಂದನ್ನೊಂದು ಹೊಡೆದು ಹಾಕ್ತವೆ, ಅದಕ್ಕೆ ಅಷ್ಟು ಬೇಗ ಇಳಿಯುದು. ಅಂದ್ರೆ ಬಿಸ್ಕೆಟ್ಟಿಂದ ನಾಲ್ಕು ಬೆರಳು ದೂರ ಇದ್ದಾಗ ಎಂತ ಹೆದರಿಕೆಯೂ ಬೇಡ, ಎರಡು ಬೆರಳು ಇರುವಾಗ ಜಾಗ್ರತೆ, ಒಂದು ಬೆರಳಿಗೆ ಬಂದ್ರೆ ಮುಗೀತು. ಹೆದರಿಕೆ ಇರುದು ಆ ಕೊನೆಯ ಒಂದು ಬೆರಳಲ್ಲಿ ಮಾತ್ರ, ಅದನ್ನ ಅಳೆದು ಇಟ್ಕೊಂಡ್ರೆ ಅರ್ಧ ಆಟ ಕಲ್ತ ಹಾಗೆ.

ಅಳೆಯುದು ಹೇಗೆ ಅಂದ್ರೆ, ಬೋರ್ಡಿನ ಮೇಲೆ ಒಂದೇ ಬಿಸ್ಕೆಟ್ ಇಡಿ, ಉಳಿದ ಎರಡನ್ನ ದೂರ ತೆಗ್ದಿಡಿ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ, ಪ್ಲಾಸ್ಟಿಕಿನದ್ದೇ ಆಗ್ಬೇಕು, ಸ್ಟೀಲ್ ಸ್ಕೇಲಿಗೆ ಬಿಸ್ಕೆಟ್ಟೇ ಹೋಗಿ ಅಂಟೀತು. ಅಡಿಯಿಂದ ಸ್ಟ್ರೈಕರನ್ನ ಮೆಲ್ಲ, ತುಂಬ ಮೆಲ್ಲ ತನ್ನಿ. ಬಿಸ್ಕೆಟ್ ಹಾರುವ ಆ ಜಾಗ ನೋಡ್ಕೊಳ್ಳಿ. ನಮ್ಮ ಬೋರ್ಡಲ್ಲಿ ಅದು ನನ್ನ ಹೆಬ್ಬೆರಳಿನ ಅಗಲದಷ್ಟು. ಐದಾರು ಸಲ ಮಾಡಿ, ಇಬ್ಬರ ಸ್ಟ್ರೈಕರಲ್ಲೂ ಮಾಡಿ, ಎರಡೂ ಹೆಚ್ಚು ಕಮ್ಮಿ ಒಂದೇ ಬಂದ್ರೆ ನಿಮ್ಮ "ಸ್ಟ್ರಾಂಗ್ ಉಂಟಾ" ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಈ ಅಳತೆ ನಮಗೆ ಯಾಕೆ ಹೊಳೆದದ್ದು ಅಂದ್ರೆ ಒಂದು ತಪ್ಪು ಮಾಡಿದ್ದೆವು. ಹೋದ ಆಟಿಯಲ್ಲಿ, ಅಂದ್ರೆ ತುಳುವರ ಮಳೆಗಾಲದ ತಿಂಗಳಲ್ಲಿ, ಸುರತ್ಕಲ್ ಹತ್ರ ನಮ್ಮ ಮನೆ, ಮೂರು ದಿನ ಬಿಡದೆ ಜೋರು ಮಳೆ, ಒಣಗಿಸಿದ ಬಟ್ಟೆ ಒಣಗುದಿಲ್ಲ, ಗೋಡೆಯಲ್ಲಿ ನೀರು, ಬೋರ್ಡ್ ಮುಟ್ಟಿದ್ರೆ ಒಂಥರಾ ಅಂಟಂಟು. ಸ್ಟ್ರೈಕರ್ ಓಡ್ತಾ ಇಲ್ಲ, ಎಳೆದ್ರೆ ಹ್ಯಾಂಡಲ್ ಮುಂದೆ ಹೋಗಿ ಸ್ಟ್ರೈಕರ್ ಹಿಂದೆ ಉಳಿತದೆ. ನಾವೆಲ್ಲ ಕೇರಂ ಆಡಿ ಬೆಳೆದವರು, ಮಳೆಗಾಲದಲ್ಲಿ ಕೇರಂ ಬೋರ್ಡಿನ ಮೇಲೆ ಬಲ್ಬ್ ಇಳಿಸಿ ಕಟ್ಟಿ ಬಿಸಿ ಮಾಡಿ ಪೌಡರ್ ಹಾಕಿ ಆಡಿದ ಕೈ, ಹಾಗಾಗಿ ಅಭ್ಯಾಸ ಬಲದಿಂದ ಕೇರಂ ಪೌಡರ್ ತಂದು ಇದಕ್ಕೂ ಹಾಕಿ ಉಜ್ಜಿದೆ. ಸ್ಟ್ರೈಕರ್ ಏನೋ ಬೆಣ್ಣೆಯ ಹಾಗೆ ಓಡಿತು. ಆದ್ರೆ ಬಿಸ್ಕೆಟ್? ಅದನ್ನ ಹಿಡಿದು ಇಟ್ಟದ್ದೇ ಘರ್ಷಣೆ, ಅದನ್ನೇ ನಾನು ಒರೆಸಿ ತೆಗ್ದಿದ್ದೆ. ಹೆಬ್ಬೆರಳಿನ ಅಗಲದಿಂದ ಹಾರ್ತಾ ಇದ್ದದ್ದು ಈಗ ಅದರ ಒಂದೂವರೆಯಷ್ಟು ದೂರದಿಂದ ಹಾರ್ಲಿಕ್ಕೆ ಶುರು, ಗೇಮ್ ಶುರುವಾಗಿ ನಾಲ್ಕು ಏಟಿಗೆ ಯಾರಿಗಾದ್ರೂ ಎರಡು ಅಂಟಿ ಮುಗೀತಿತ್ತು. ಪೌಡರ್ ಗೋಲಿನ ಗುಂಡಿಯಲ್ಲೂ ಮೂಲೆಯಲ್ಲೂ ಕೂತದ್ದು ತೆಗಿಲಿಕ್ಕೆ ಒಂದು ಸಂಜೆ ಬೇಕಾಯ್ತು. ಕೇರಂ ಪೌಡರ್ ಅಂದ್ರೆ ಹೆಚ್ಚಾಗಿ ಬೋರಿಕ್ ಆಸಿಡ್, ಸಣ್ಣ ಮಕ್ಕಳ ಕೈ ಬಾಯಿಗೆ ಹೋಗುವಲ್ಲಿ ಅದು ಬೇಡವೇ ಬೇಡ. ಮಳೆಗಾಲದಲ್ಲಿ ಒಣ ಹತ್ತಿ ಬಟ್ಟೆಯಲ್ಲಿ ಬೋರ್ಡ್ ಒರೆಸಿ, ಸ್ಟ್ರೈಕರಿನ ಅಡಿಯನ್ನೂ ಹ್ಯಾಂಡಲಿನ ಮೇಲ್ಭಾಗವನ್ನೂ ಒರೆಸಿ, ಫ್ಯಾನ್ ಅಡಿಯಲ್ಲಿ ಸ್ವಲ್ಪ ಹೊತ್ತು ಇಡಿ, ಸಾಕು. ಮತ್ತೆ ಬಾಳೆಕಾಯಿ ಚಿಪ್ಸ್ ತಿಂದ ಎಣ್ಣೆ ಕೈಯಲ್ಲಿ ಬಿಸ್ಕೆಟ್ ಮುಟ್ಟುದು ಬೇಡ, ಎಣ್ಣೆಯೂ ಪೌಡರಿನ ಕೆಲಸವನ್ನೇ ಮಾಡ್ತದೆ.

ಆಟದ ಬಗ್ಗೆ ಹೇಳುದಾದ್ರೆ ನನಗೆ ಕಲಿಸಿದ್ದು ನಮ್ಮ ದೊಡ್ಡಮ್ಮ. ಆಟಿಯಲ್ಲಿ ಚೆನ್ನೆಮಣೆ ಆಡಿ ಬೆಳೆದವರು, ಏಳೇಳರ ಎರಡು ಸಾಲು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಳು, ಯಾವ ಗುಳಿಯಿಂದ ಎತ್ತಿದ್ರೆ ಎಲ್ಲಿ ಹೋಗಿ ಮುಗಿತದೆ ಅಂತ ಕಾಳು ಮುಟ್ಟುವ ಮೊದಲೇ ಅವರಿಗೆ ಗೊತ್ತು. ಮೊದಲ ದಿನ ಕ್ಲಾಸ್ಕ್ ನೋಡಿ "ಇದು ಎಂತ ಮಗಾ, ಅಡಿಯಲ್ಲಿ ಕೈ ಹಾಕಿ ಕಳ್ಳರ ಹಾಗೆ" ಅಂದ್ರು. ಕೂತ್ರು. ನಾವು ಚಿಕ್ಕವರೆಲ್ಲ ಕೈ ಬೀಸಿ ಬೀಸಿ ಆಡುದು, ಅವರ ಕೈ ಅಲ್ಲಾಡುದೇ ಕಾಣುದಿಲ್ಲ. ಸ್ಟ್ರೈಕರನ್ನ ಗುಂಡಿಯ ಸ್ವಲ್ಪ ಮುಂದೆ, ಒಂದು ಬದಿಗೆ ಇಟ್ಟು ಕಾಯ್ತಾರೆ. ಚೆಂಡು ಬಿಸ್ಕೆಟ್ ಹತ್ರ ನಿಂತ್ರೆ ನಾವಾದ್ರೆ ಓಡಿ ಹೋಗುದು, ಅವರು ಹೋಗುದೇ ಇಲ್ಲ. ಹೋಗ್ಲೇಬೇಕಾಗಿ ಬಂದ್ರೆ ಬಿಸ್ಕೆಟ್ ಇಲ್ಲದ ಬದಿಯಿಂದ ಸುತ್ತು ಹಾಕಿ ಬಂದು ಹೊಡೆದು ಅಲ್ಲಿ ನಿಲ್ಲದೆ ವಾಪಾಸು. ನಿಲ್ಲುದಿಲ್ಲ ಅನ್ನುದೇ ಮುಖ್ಯ. ಬಿಸ್ಕೆಟ್ ಕೂತಲ್ಲಿಂದ ಹೊರಟು ನಿಮ್ಮ ಹತ್ರ ಮುಟ್ಲಿಕ್ಕೆ ಒಂದು ಕ್ಷಣ ಬೇಕು, ಹತ್ರದಿಂದ ಹಾದು ಹೋಗಿ ಬಿಟ್ರೆ ಅದು ಒಂಚೂರು ಜಾರಿ ಅಲ್ಲೇ ನಿಲ್ತದೆ, ನೀವು ಅಲ್ಲಿ ಹೊಡೆಯುದಾ ಬೇಡವಾ ಅಂತ ಯೋಚನೆ ಮಾಡ್ತಾ ನಿಂತ್ರೆ ಬಂದು ಕೂತಾಯ್ತು. ನಿಮ್ಮ ಮಗಳ ಆಟ ನಾನು ನೋಡ್ಲಿಲ್ಲ ಅಕ್ಕ, ಆದ್ರೆ ಹೊಡೆದ ಮೇಲೆ ಅವಳು ಅಲ್ಲೇ ನಿಂತು ಚೆಂಡು ಗೋಲಿಗೆ ಹೋಯ್ತಾ ಅಂತ ನೋಡ್ತಾಳಾ ಅಂತ ಒಮ್ಮೆ ಗಮನಿಸಿ.

ಹಾಗಂತ ಬೇಗ ಅಂದ್ರೆ ಎಳೆದಾಡುದಲ್ಲ. ಹ್ಯಾಂಡಲ್ ಮತ್ತೆ ಸ್ಟ್ರೈಕರ್ ಮಧ್ಯ ಬೋರ್ಡಿನ ದಪ್ಪ ಉಂಟು, ಅವೆರಡನ್ನ ಕಟ್ಟಿದ್ದು ಎಳೆತ ಮಾತ್ರ, ಹಗ್ಗ ಅಲ್ಲ. ಒಮ್ಮೆಲೇ ಜರ್ಕ್ ಕೊಟ್ರೆ ತಪ್ಪಿ ಹೋಗ್ತದೆ, ಆ ಪಾಯಿಂಟೂ ಎದುರಿನವರಿಗೆ. ಕೇರಂನ ಹಾಗೆ ಬೆರಳಲ್ಲಿ ಚಿಮ್ಮುವ ಆಟ ಅಲ್ಲ ಇದು, ಮಣಿಗಂಟಿನದ್ದು, ದೋಸೆ ಕಾವಲಿಯಲ್ಲಿ ಹಿಟ್ಟು ಉರುಟು ಮಾಡುವಾಗ ಸೌಟು ಹೇಗೆ ಶುರುವಿಗೆ ಮೆಲ್ಲ ಆಮೇಲೆ ಬೇಗ ತಿರುಗ್ತದೆ ನೋಡಿ, ಆ ಥರ.

ಇನ್ನೊಂದು ದೊಡ್ಡಮ್ಮನದ್ದೇ ಉಪಾಯ, ಇದನ್ನ ಕಂಡು ಹಿಡಿಲಿಕ್ಕೆ ನಮಗೆ ವಾರ ಬೇಕಾಯ್ತು. ಅವರು ಗೋಲಿಗೆ ಹೊಡೆಯುದೇ ಕಮ್ಮಿ. ಶುರುವಲ್ಲಿ ಮೂರು ನಾಲ್ಕು ಏಟು ಬಿಸ್ಕೆಟ್ಟಿಗೇ, ಚೆಂಡು ತಾಗಿಸಿ ಅದನ್ನ ನಮ್ಮ ಬದಿಗೆ ದೂಡುದು. ಮೂರರಲ್ಲಿ ಎರಡು ನಮ್ಮ ಬದಿಗೆ ಬಂದ ಮೇಲೆ ಚೆಂಡನ್ನ ಮೆಲ್ಲ ಆ ಬಿಸ್ಕೆಟ್‌ಗಳ ಹಿಂದೆ ಬಿಡುದು. ಚೆಂಡು ನಮ್ಮ ಬದಿಯಲ್ಲಿ ಉಂಟು, ನಾವೇ ಹೊಡಿಬೇಕು, ಹೋಗ್ಬೇಕಾದ್ರೆ ಬಿಸ್ಕೆಟ್ ಮಧ್ಯದಲ್ಲೇ ಹೋಗ್ಬೇಕು. ಒಂದು ಅಂಟ್ತದೆ. ಒಂದು ಅಂಟಿದ ಸ್ಟ್ರೈಕರ್ ಒಂದು ಬದಿಗೆ ದಪ್ಪ ಆದ ಹಾಗೆ, ಚೆಂಡು ಬಿಸ್ಕೆಟ್ಟಿಗೆ ತಾಗಿ ಎಲ್ಲಿಗೋ ಹೋಗ್ತದೆ, ಗುರಿ ಸಿಕ್ಕುದಿಲ್ಲ, ಆ ಗಡಿಬಿಡಿಯಲ್ಲಿ ಇನ್ನೊಂದು. ಗಡಿಬಿಡಿಯಲ್ಲಿ ಹಿಂದೆ ಎಳೆದು ತನ್ನದೇ ಗುಂಡಿಗೆ ಬಿದ್ದವರೂ ಇದ್ದಾರೆ. ಹಾಗಾಗಿ ಒಂದು ಅಂಟಿದ ಕೂಡ್ಲೆ ಹಿಂದೆ ಬಂದು ಬರೀ ತಡೆಯುದು ಮಾತ್ರ ಮಾಡಿ, ಎದುರಿನವರು ಹೊಡೆದು ತಪ್ಪಲಿ ಅಂತ ಕಾಯುದು, ನನ್ನ ಮಟ್ಟಿಗೆ ಅದೇ ಸರಿ. ಅಣ್ಣನದ್ದಕ್ಕೆ ಅಂಟುದಿಲ್ಲ ಅಂದ್ರಲ್ಲ, ಅವನು ಹಿಂದೆಯೇ ಕೂತು ಆಡ್ತಾನೆ ಅಂತ ಕಾಣ್ತದೆ, ಅಂಥವನಿಗೆ ಈ ಉಪಾಯ ಸರಿ ತಾಗ್ತದೆ, ಬಿಸ್ಕೆಟ್ಟನ್ನ ಅವನ ಅಂಗಳಕ್ಕೇ ಕಳಿಸ್ಲಿಕ್ಕೆ ಮಗಳಿಗೆ ಹೇಳಿ.

ನಿಮ್ಮ ಮನೆಯಲ್ಲಿ ಅಂಬೆಗಾಲಿಡುವ ಮಗು ಉಂಟಾ ಗೊತ್ತಿಲ್ಲ, ಇದ್ರೆ ಇದೊಂದು ಮಾತು ತಪ್ಪದೆ ಕೇಳಿ. ಆಟ ಮುಗಿದ ಮೇಲೆ ಮೂರು ಬಿಸ್ಕೆಟ್ ಎಣಿಸಿ ಡಬ್ಬಕ್ಕೆ ಹಾಕಿ, ಎರಡೇ ಸಿಕ್ಕಿದ್ರೆ ಮೂರನೆಯದ್ದು ಸಿಗುವವರೆಗೆ ಯಾರೂ ಏಳುದು ಬೇಡ, ಕುರ್ಚಿಯ ಕಬ್ಬಿಣದ ಕಾಲಿಗೆ ಅಂಟಿಕೊಂಡಿರ್ತದೆ ಹೆಚ್ಚಾಗಿ. ಎರಡು ಮ್ಯಾಗ್ನೆಟ್ ನುಂಗಿದ್ರೆ ಹೊಟ್ಟೆಯೊಳಗೆ ಬೇರೆ ಬೇರೆ ಕಡೆ ಇದ್ದುಕೊಂಡು ಒಂದನ್ನೊಂದು ಎಳೆದು ಮಧ್ಯದಲ್ಲಿ ಕರುಳನ್ನ ಹಿಸುಕಿ ತೂತು ಮಾಡಬಹುದು, ಆಪರೇಷನ್ನಿಗೆ ಹೋಗುವ ವಿಷಯ ಅದು. ನುಂಗಿದ ಸಂಶಯ ಬಂದ್ರೂ ಸಾಕು, ಬಾಳೆಹಣ್ಣು ತಿನ್ನಿಸಿ ಬೆಳಿಗ್ಗೆವರೆಗೆ ನೋಡುವ ಅಂತ ಕೂರ್ಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಮಾಡಿಸಿ. ಮನೆಯಲ್ಲಿ ಯಾರಿಗಾದ್ರೂ ಹೃದಯಕ್ಕೆ ಪೇಸ್‌ಮೇಕರ್ ಇಟ್ಟಿದ್ರೆ ಅವರು ಹ್ಯಾಂಡಲ್ಲನ್ನ ಎದೆಯ ಹತ್ತಿರ ತರುದು ಬೇಡ.

ಕಾಪುವಿನ ಅಕ್ಕ, ಸ್ಕೇಲ್ ಇಟ್ಟು ಅಳೆದದ್ದು ಎರಡೂ ಕಡೆ ಎಷ್ಟೆಷ್ಟು ಬಂತು ಅಂತ ಬರೀರಿ, ಬೋರ್ಡ್ ಒರೆಸುವ ಮೊದಲು ಒಮ್ಮೆ, ಒರೆಸಿ ಒಣಗಿದ ಮೇಲೆ ಒಮ್ಮೆ. ದೊಡ್ಡಮ್ಮನಿಗೂ ನಿಮ್ಮ ಮಗಳ ವಿಷಯ ಹೇಳಿದ್ದೇನೆ, "ಮುಂದೆ ಬರುವ ಹುಡುಗಿ ಅಲ್ವಾ, ಒಳ್ಳೇದೇ, ವಾಪಾಸು ಹೋಗ್ಲಿಕ್ಕೆ ಮಾತ್ರ ಕಲಿಲಿ" ಅಂದ್ರು.