ಮೆಥನಾಲ್ ಇಂಧನಕೋಶ: ಮಿಶ್ರಲೋಹದ ವೇಗವರ್ಧಕ ಏಕೆ ಸವೆಯುತ್ತದೆ?

ಮೆಥನಾಲನ್ನೇ ಇಂಧನವಾಗಿಸಿ ವಿದ್ಯುತ್ ಕೊಡುವ ಸಾಧನ ನೇರ ಮೆಥನಾಲ್ ಇಂಧನಕೋಶ. ಅದರ ಆನೋಡಿನಲ್ಲಿ, ಅಂದರೆ ಇಂಧನ ಉತ್ಕರ್ಷಣಗೊಳ್ಳುವ ವಿದ್ಯುದ್ವಾರದಲ್ಲಿ, ಮೆಥನಾಲಿನ ಒಂದು ಅಣು ನೀರಿನ ಒಂದು ಅಣುವಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್, 6 ಪ್ರೋಟಾನ್ ಮತ್ತು 6 ಎಲೆಕ್ಟ್ರಾನ್‌ಗಳನ್ನು ಕೊಡುತ್ತದೆ. ಸಮೀಕರಣ ಸರಳವಾಗಿದೆ, ತೊಡಕಿರುವುದು ನಡುವಿನ ಹಂತಗಳಲ್ಲಿ. ವೇಗವರ್ಧಕವಾದ ಪ್ಲಾಟಿನಮ್ ಮೆಥನಾಲಿನಿಂದ ಹೈಡ್ರೋಜನ್ನನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಾರ್ಬನ್ ಮಾನಾಕ್ಸೈಡ್ ಲೋಹದ ಮೇಲ್ಮೈಗೆ ಬಲವಾಗಿ ಅಂಟಿಕೊಂಡು ಮುಂದಿನ ಅಣುಗಳಿಗೆ ಜಾಗವಿಲ್ಲದಂತೆ ಮಾಡುತ್ತದೆ. ಮಿಶ್ರಲೋಹದಲ್ಲಿ ಪ್ಲಾಟಿನಮ್ಮಿನ ಪಕ್ಕ ರುಥೇನಿಯಮ್ ಪರಮಾಣುವಿದ್ದರೆ ಅದು ಕಡಿಮೆ ವಿಭವದಲ್ಲೇ (ವೋಲ್ಟೇಜಿನಲ್ಲೇ) ನೀರಿನಿಂದ ಹೈಡ್ರಾಕ್ಸಿಲ್ ಗುಂಪನ್ನು ಪಡೆದು, ಅಂಟಿದ ಮಾನಾಕ್ಸೈಡನ್ನು ಉತ್ಕರ್ಷಿಸಿ ತೆಗೆಯಲು ನೆರವಾಗುತ್ತದೆ. ಜಪಾನಿನ ವತನಬೆ ಮತ್ತು ಮೊಟೂ 1975ರಲ್ಲಿ ಮಂಡಿಸಿದ ಈ ದ್ವಿಕಾರ್ಯ ವಿವರಣೆಯನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು, ಏಕೆಂದರೆ ಬಾಳಿಕೆಯ ಸಮಸ್ಯೆ ಹುಟ್ಟುವುದೂ ಇದೇ ರುಥೇನಿಯಮ್‌ನಿಂದ.

ಆಮ್ಲೀಯ ಪರಿಸರದಲ್ಲಿ, ಅದರಲ್ಲೂ ಇಂಧನ ಸಾಲದೆ ಆನೋಡಿನ ವಿಭವ ಏರಿದಾಗ, ರುಥೇನಿಯಮ್ ಕರಗತೊಡಗುತ್ತದೆ. ಕರಗಿದ ಅಯಾನುಗಳು ಪ್ರೋಟಾನ್‌ಗಳನ್ನು ಹಾಯಲು ಬಿಡುವ ನಡುವಿನ ನಾಫಿಯಾನ್ ಪೊರೆಯನ್ನು ದಾಟಿ ಎದುರಿನ ವಿದ್ಯುದ್ವಾರವಾದ ಕ್ಯಾಥೋಡಿನ ಮೇಲೆ ಕೂರುತ್ತವೆ. ಹೀಗೆ ಆನೋಡು ತನ್ನ ಸಹಾಯಕನನ್ನು ಕಳೆದುಕೊಳ್ಳುವುದರ ಜೊತೆಗೆ ಕ್ಯಾಥೋಡಿನಲ್ಲಿ ಆಕ್ಸಿಜನ್ನಿನ ಅಪಕರ್ಷಣವೂ ಕುಂಠಿತವಾಗುತ್ತದೆ. ಸುಮಾರು 3 ನ್ಯಾನೋಮೀಟರ್ ವ್ಯಾಸದ ಪ್ಲಾಟಿನಮ್ ಕಣದಲ್ಲಿ ಇರುವುದೇ ಸಾವಿರದಷ್ಟು ಪರಮಾಣು, ಅವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೇಲ್ಮೈಯಲ್ಲೇ ಇರುತ್ತವೆ. ಆದ್ದರಿಂದ ಕೆಲವೇ ಪದರಗಳು ಸವೆದರೂ ಕಣದ ಸಂಯೋಜನೆಯೇ ಬದಲಾಗುತ್ತದೆ. ಸಣ್ಣ ಕಣಗಳು ಕರಗಿ ದೊಡ್ಡವು ಬೆಳೆಯುವ ಓಸ್ಟ್ವಾಲ್ಡ್ ಪ್ರಕ್ರಿಯೆ, ಕಣಗಳಿಗೆ ಆಧಾರವಾದ ಇಂಗಾಲದ ಸವೆತ ಇವೂ ಜೊತೆಗೂಡುತ್ತವೆ.

ಪರಿಹಾರಗಳಲ್ಲಿ ನನಗೆ ಹೆಚ್ಚು ಭರವಸೆ ಮೂಡಿಸಿರುವುದು ಪರಮಾಣುಗಳ ಕ್ರಮಬದ್ಧ ಜೋಡಣೆ. ಸಾಮಾನ್ಯ ಮಿಶ್ರಲೋಹದಲ್ಲಿ ಎರಡು ಲೋಹಗಳ ಪರಮಾಣುಗಳು ಮನಬಂದಂತೆ ಹರಡಿರುತ್ತವೆ. ಪ್ಲಾಟಿನಮ್-ಕಬ್ಬಿಣ, ಪ್ಲಾಟಿನಮ್-ಕೋಬಾಲ್ಟ್‌ನಂಥ ಅಂತರಲೋಹೀಯ ಸಂಯುಕ್ತಗಳಲ್ಲಿ ಪ್ರತಿ ಪರಮಾಣುವಿಗೂ ನಿಗದಿತ ಸ್ಥಾನವಿದ್ದು, ಭಿನ್ನ ಲೋಹಗಳ ನಡುವಿನ ಬಲವಾದ ಬಂಧವು ಕಬ್ಬಿಣ, ಕೋಬಾಲ್ಟ್‌ನಂಥ ಅಗ್ಗದ ಲೋಹ ಸೋರಿಹೋಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಇವು ಮುಖ್ಯವಾಗಿ ಕ್ಯಾಥೋಡಿಗೆ ಒದಗುವಂಥವು. ಆದರೆ ಈ ಕ್ರಮ ಮೂಡಲು ಸಾಮಾನ್ಯವಾಗಿ ನೂರಾರು ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆ ಕಾವಿಗೆ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗುತ್ತವೆ. ಕಣಗಳಿಗೆ ಮೊದಲೇ ಸಿಲಿಕಾ ಹೊದಿಕೆ ತೊಡಿಸಿ, ಕಾಯಿಸಿದ ನಂತರ ಅದನ್ನು ಕರಗಿಸಿ ತೆಗೆಯುವ ವಿಧಾನ ಈ ಇಕ್ಕಟ್ಟಿಗೆ ಒಂದು ಉತ್ತರ. ಬಳಿಕ ಆಮ್ಲದಲ್ಲಿ ತೊಳೆದರೆ ಹೊರಪದರದ ಅಗ್ಗದ ಲೋಹ ಹೋಗಿ ತೆಳುವಾದ ಪ್ಲಾಟಿನಮ್ ಕವಚ ಉಳಿಯುತ್ತದೆ, ಒಳಗಿನ ಲೋಹಕ್ಕೆ ಅದೇ ರಕ್ಷಣೆ.

ಸಂಶೋಧನಾ ಲೇಖನ ಓದುವಾಗ ಆರಂಭದ ಪ್ರವಾಹದ ಅಂಕಿಯೊಂದನ್ನೇ ನೋಡಿ ತೃಪ್ತಿಪಡಬಾರದು. ವಿಭವವನ್ನು ಸಾವಿರಾರು ಸಲ ಏರಿಸಿ ಇಳಿಸಿದ ನಂತರ ಸಕ್ರಿಯ ಮೇಲ್ಮೈ ವಿಸ್ತೀರ್ಣ ಎಷ್ಟು ಉಳಿದಿದೆ ಎಂಬುದನ್ನೂ, ಪ್ಲಾಟಿನಮ್-ರುಥೇನಿಯಮ್ ಆನೋಡಾದರೆ ಕ್ಯಾಥೋಡಿನಲ್ಲಿ ರುಥೇನಿಯಮ್ ಇದೆಯೇ ಎಂದು ಪರೀಕ್ಷಿಸಿದ್ದಾರೆಯೇ ಎಂಬುದನ್ನೂ ಹುಡುಕಿ ನೋಡಬೇಕು.