ಗಾರೆ ಇಲ್ಲದೆ 13 ಮೀಟರ್: ಮೂಸಾ ಗೋಪುರ ಹೇಗೆ ನಿಂತಿದೆ?

ಪ್ರಶ್ನೆ: ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿರುವ ಮೂಸಾ ಎಂಬ, ಪಿಕ್ಟರ (ಸ್ಕಾಟ್ಲೆಂಡಿನ ಪ್ರಾಚೀನ ಜನರ) ಕಲ್ಲಿನ ಗೋಪುರಕ್ಕೆ ಸುಣ್ಣ, ಗಾರೆ ಏನೂ ಬಳಸಿಲ್ಲವಂತೆ. ಎರಡು ಸಾವಿರ ವರ್ಷ ಅದು ಹೇಗೆ ಉಳಿಯಿತು? ಅಂಥವೇ ಬೇರೆ ಗೋಪುರಗಳು ಯಾಕೆ ಕುಸಿದವು?

ಉತ್ತರ: ಪಿಕ್ಟರ ವಿಷಯ ಮೊದಲು ಮುಗಿಸಿಬಿಡೋಣ. ರೋಮನ್ ಬರಹಗಳಲ್ಲಿ ಆ ಹೆಸರು ಮೊದಲು ಸಿಗುವುದು ಕ್ರಿ.ಶ. 297ರಲ್ಲಿ. ಸ್ಥಳೀಯರು ಬ್ರಾಕ್ ಎನ್ನುವ ಈ ಗೋಪುರಗಳು ಅದಕ್ಕಿಂತ ಹಳೆಯವು, ಕಬ್ಬಿಣ ಯುಗದವು. ಪಿಕ್ಟರ ಕಾಲ ಆಮೇಲಿನದು. ಹಳೆಯ ಬ್ರಾಕ್‌ಗಳ ಮಗ್ಗುಲಲ್ಲಿ ಮನೆ ಕಟ್ಟಿಕೊಂಡು ಇದ್ದರು, ಹೆಸರು ಅಂಟಿಕೊಂಡಿತು.

ಈಗ ಗೋಡೆಗೆ ಬರೋಣ. ಮೂಸಾದ ಬುಡದಲ್ಲಿ ಹೊರಸುತ್ತಿನ ವ್ಯಾಸ ಸುಮಾರು 15 ಮೀಟರ್, ಒಳಗಿನ ಜಾಗ ಬರೀ 6 ಮೀಟರ್. ಅಂದರೆ ಗೋಡೆಯ ದಪ್ಪವೇ ನಾಲ್ಕೂವರೆ ಮೀಟರ್! ನೆಲಮಟ್ಟದಲ್ಲಿ ಅದು ಹೆಚ್ಚುಕಡಿಮೆ ಗಟ್ಟಿ. ನಡುವೆ ಮೂರು ಸಣ್ಣ ಕೋಣೆಗಳಷ್ಟೇ. ಮೇಲೆ ಹೋದಂತೆ ಅದು ಎರಡಾಗಿ ಸೀಳುತ್ತದೆ. ಒಳಗೋಡೆ ಬಹುತೇಕ ನೇರ, ಹೊರಗೋಡೆ ಒಳಕ್ಕೆ ಬಾಗುತ್ತದೆ, ನಡುವೆ ಓಣಿಯಂಥ ಖಾಲಿ ಜಾಗ. ಆ ಓಣಿಗೆ ಅಡ್ಡಲಾಗಿ ಚಪ್ಪಡಿಗಳನ್ನು ಹಾಸಿ ಎರಡೂ ಗೋಡೆಗಳನ್ನು ಬಿಗಿದಿದ್ದಾರೆ. ಒಂದು ಓಣಿಯ ಚಾವಣಿಯೇ ಮೇಲಿನ ಓಣಿಯ ನೆಲ. ಮೆಟ್ಟಿಲೂ ಇದೇ ಸಂದಿಯಲ್ಲಿ ಬಲಸುತ್ತಾಗಿ ತುದಿಯವರೆಗೆ ಏರುತ್ತದೆ. ತೀರಾ ಮೇಲೆ ಓಣಿ ಎಷ್ಟು ಇಕ್ಕಟ್ಟೆಂದರೆ ಯಾರೂ ನಡೆಯಲಾಗದು. ಆದ್ದರಿಂದ ಅದು ಅಡಗುತಾಣಕ್ಕೆಂದೇ ಮಾಡಿದ್ದು ಎಂಬ ವಿವರಣೆ ನಮಗೆ ಒಪ್ಪಿಗೆಯಿಲ್ಲ. ಎತ್ತರ ಸಾಧ್ಯವಾಗಿದ್ದೇ ಈ ಟೊಳ್ಳಿನಿಂದ. ಅಷ್ಟೂ ಎತ್ತರಕ್ಕೆ ಕಲ್ಲು ತುಂಬಿದ್ದರೆ ಬುಡಕ್ಕೆ ಭಾರ ಹೆಚ್ಚುತ್ತಿತ್ತು. ಎರಡು ತೆಳು ಗೋಡೆಗಳನ್ನು ಬೇರೆ ಬೇರೆ ನಿಲ್ಲಿಸಿದ್ದರೆ ಉಬ್ಬಿ ಬೀಳುತ್ತಿದ್ದವು. ಹೊರಸುತ್ತು ದುಂಡಗಿದ್ದು ಒಳಕ್ಕೆ ಒರಗಿರುವುದರಿಂದ ಅದರ ಕಲ್ಲುಗಳು ಒಂದನ್ನೊಂದು ಒತ್ತಿ ಇನ್ನಷ್ಟು ಬಿಗಿಯಾಗುತ್ತವೆ.

ಬಾಗಿಲ ಮೇಲಿನ ಅಡ್ಡಗಲ್ಲು ಇಂಥ ಕಟ್ಟಡದ ದುರ್ಬಲ ಜಾಗ. ಮೇಲಿನ ಭಾರವೆಲ್ಲ ಅದರ ನಡುವಿಗೇ ಬಿದ್ದರೆ ಕಲ್ಲು ಸೀಳುತ್ತದೆ. ಅದಕ್ಕೇ ಒಳಗೋಡೆಯಲ್ಲಿ ಒಂದರ ಮೇಲೊಂದು ಕಿಂಡಿಗಳನ್ನು, ಏಣಿಯ ಹಲ್ಲುಗಳಂತೆ, ಬಿಟ್ಟಿದ್ದಾರೆ. ಭಾರ ಪಕ್ಕಕ್ಕೆ ಸರಿಯುತ್ತದೆ. ಸದರ್‌ಲ್ಯಾಂಡಿನ ಡುನ್ ಡೋರ್ನಗಿಲ್ ಬ್ರಾಕ್‌ನಲ್ಲಿ ಬಾಗಿಲ ಮೇಲೆ ದೊಡ್ಡ ತ್ರಿಕೋನದ ಕಲ್ಲನ್ನೇ ಇಟ್ಟಿದ್ದಾರೆ. ಉದ್ದೇಶ ಅದೇ.

ಕಲ್ಲಿನ ಗುಣವೂ ನೆರವಾಗಿದೆ. ಮೂಸಾದ ಮರಳುಗಲ್ಲು ಹಲಗೆಯಂತೆ ಚಪ್ಪಟೆಯಾಗಿ ಏಳುತ್ತದೆ, ವರಸೆ ಸಲೀಸಾಗಿ ಕೂರುತ್ತದೆ. ಲೂಯಿಸ್ ದ್ವೀಪದ ಡುನ್ ಕಾರ್ಲೊವೇ ಕಟ್ಟಿದವರಿಗೆ ಆ ಅದೃಷ್ಟವಿರಲಿಲ್ಲ. ಅಲ್ಲಿನದು ಒರಟು ನೈಸ್ ಶಿಲೆ. ಆದರೂ ಒಂದು ಕಡೆ ಸುಮಾರು 9 ಮೀಟರ್ ಇನ್ನೂ ನಿಂತಿದೆ.

ಕುಸಿಯುವುದು ಹೆಚ್ಚಾಗಿ ಬುಡದಿಂದ. ಆರ್ಕ್‌ನಿಯ ರೌಸೇ ದ್ವೀಪದ ಮಿಡ್‌ಹೌ ಬ್ರಾಕ್‌ನಲ್ಲಿ ನೆಲಮಟ್ಟದಲ್ಲೇ ಟೊಳ್ಳು ಬಿಟ್ಟಿದ್ದರು. ಗೋಡೆ ಜರುಗತೊಡಗಿತು. ಆಗ ಟೊಳ್ಳಿಗೆ ಕಲ್ಲು ತುಂಬಿ, ಹೊರಗಿನಿಂದ ಚಪ್ಪಡಿಗಳನ್ನು ಆನಿಸಿ ನಿಲ್ಲಿಸಿದರು. ಆ ದುರಸ್ತಿ ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ಮೂಸಾವನ್ನು ಅದರ ಗಟ್ಟಿ ಬುಡ ಉಳಿಸಿದ್ದು ಇದೇ ತೊಂದರೆಯಿಂದ. ಇನ್ನೊಂದು ಕಾರಣ ಮನುಷ್ಯರು. ಸ್ಕಾಟ್ಲೆಂಡಿನ ಮುಖ್ಯಭೂಮಿಯ ಗ್ಲೆನೆಲ್ಗ್‌ನ ಡುನ್ ಟೆಲ್ವ್‌ನ ಕಲ್ಲುಗಳು 18ನೇ ಶತಮಾನದಲ್ಲಿ ಹತ್ತಿರದ ಬರ್ನೆರಾ ಸೈನಿಕ ವಸತಿಗೆ ಹೋದವೆಂದು ಅಲ್ಲಿನವರ ಮಾತು. ಮೂಸಾ ಇರುವುದೋ ಪುಟ್ಟ ದ್ವೀಪದಲ್ಲಿ, ಅಲ್ಲಿಂದ ಕಲ್ಲು ಹೊತ್ತು ಸಾಗಿಸುವ ಉಸಾಬರಿ ಯಾರಿಗೆ ಬೇಕು?

ಚಾವಣಿ ಮಾತ್ರ ಯಾವ ಬ್ರಾಕ್‌ನಲ್ಲೂ ಉಳಿದಿಲ್ಲ. ಒಳಗೋಡೆಯಿಂದ ಚಾಚಿದ ಕಲ್ಲಿನ ಅಂಚು ಮರದ ಅಟ್ಟಕ್ಕೆ ಆಧಾರವಾಗಿತ್ತೆಂದು ಬಹುತೇಕರು ಒಪ್ಪುತ್ತಾರೆ; ಮೇಲೆ ಹೊದಿಕೆ ಹೇಗಿತ್ತೆಂಬುದರ ಬಗ್ಗೆ ವಾದ ಮುಗಿದಿಲ್ಲ.

ನೋಡಲು ಹೋಗುವವರಿಗೆ: ಮೂಸಾಕ್ಕೆ ಸ್ಯಾಂಡ್‌ವಿಕ್‌ನಿಂದ ದೋಣಿ, ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಟಾರ್ಚ್ ಒಯ್ಯಿರಿ, ಒಳದಾರಿಯಲ್ಲಿ ತಲೆ ತಗ್ಗಿಸಿ. ಗೋಡೆಯ ಸಂದುಗಳಲ್ಲಿ ಸ್ಟಾರ್ಮ್ ಪೆಟ್ರೆಲ್ ಹಕ್ಕಿಗಳು ಗೂಡು ಮಾಡುವುದರಿಂದ ಕೈ ಹಾಕಬೇಡಿ. ದ್ವೀಪಕ್ಕೆ ಹೋಗಲಾಗದಿದ್ದರೆ ಡುನ್ ಟೆಲ್ವ್ ಸಾಕು: ಒಂದು ಪಕ್ಕ ಮುರಿದಿರುವುದರಿಂದ ಜೋಡಿಗೋಡೆ, ಚಪ್ಪಡಿ, ಓಣಿ ಎಲ್ಲವೂ ಹೊರಗೆ ನಿಂತೇ ಕಾಣುತ್ತವೆ. ಬ್ರಾಕ್‌ನ ಬಾಗಿಲ ಬಳಿ ಎರಡೂ ಬದಿಯ ಗೋಡೆಯಲ್ಲಿ ಎದುರುಬದುರು ತೂತು ಸಿಕ್ಕರೆ ಅದು ಅಗುಳಿಯದು.